ಸಂಜೆ ನಾಲ್ಕರ ರಕ್ತ

(ಅಕ್ಕನಿಗೆ ಐವತ್ತು ದಾಟಿದೆ, ಮೈಸೂರಿನ ಆಸ್ಪತ್ರೆಯೊಂದರ ಬಯೋಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವ ಡಾಕ್ಟರು. ತಮ್ಮನಿಗೆ ನಲವತ್ತೆರಡು; ಬೆಂಗಳೂರಿನ ಕಂಪನಿಯೊಂದರ ಕೆಲಸ, ಹೆಚ್ಚಾಗಿ ರಾತ್ರಿ ಹೊತ್ತು. ಊಟವಾಗಿದೆ. ಮಿಕ್ಕವರು ಒಳಗೆ ಟಿವಿ ಮುಂದಿದ್ದಾರೆ.)

ತಮ್ಮ: ಅಕ್ಕ, ಒಂದು ವಿಷಯ ಕೇಳಬೇಕಿತ್ತು. ಸ್ವಲ್ಪ ಮುಜುಗರದ್ದು.

ಅಕ್ಕ: ನಿನಗೆ ಮಂಗನಬಾವು ಬಂದಾಗ ಗದ್ದಕ್ಕೆ ಬಟ್ಟೆ ಕಟ್ಟಿ ಗಂಜಿ ಕುಡಿಸಿದವಳು ನಾನು. ನನ್ನ ಹತ್ತಿರ ಎಂಥ ಮುಜುಗರ? ಕೇಳು.

ತಮ್ಮ: ಈ ರಿಪೋರ್ಟ್ ನೋಡು. ಟೋಟಲ್ ಟೆಸ್ಟೋಸ್ಟಿರಾನ್ 288. ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಲೋ’ ಅಂತ ಹಾಕಿದ್ದಾರೆ. ಅದಕ್ಕೇ ಈ ಡಬ್ಬಿ ತರಿಸಿದೆ. ಎಲ್ಲ ಗಿಡಮೂಲಿಕೆಯೇ. ಅಶ್ವಗಂಧ ಮುಖ್ಯ, ಜೊತೆಗೆ...

ಅಕ್ಕ: ಡಬ್ಬಿ ಆಮೇಲೆ. ರಕ್ತ ಯಾವಾಗ ಕೊಟ್ಟೆ?

ತಮ್ಮ: ಒಂದು ಶನಿವಾರ. ಫುಲ್ ಬಾಡಿ ಚೆಕಪ್ ಅಂತ ಪ್ಯಾಕೇಜ್ ಇತ್ತು, ಮನೆಗೇ ಬಂದು ತಗೊಂಡು ಹೋದರು. ಬೆಳಗಿನ ಸ್ಲಾಟ್ ಸಿಗಲಿಲ್ಲ. ಸಂಜೆ ನಾಲ್ಕು ಗಂಟೆ ಆಗಿತ್ತು.

ಅಕ್ಕ: ಊಟ ಆಗಿತ್ತಾ?

ತಮ್ಮ: ಆಗಿತ್ತು. ಬಿರಿಯಾನಿ.

ಅಕ್ಕ: ಹಿಂದಿನ ರಾತ್ರಿ ನಿದ್ದೆ?

ತಮ್ಮ: ಅಮೆರಿಕದವರ ಜೊತೆ ಕಾಲ್ ಇತ್ತು. ಮಲಗಿದಾಗ ನಾಲ್ಕೂವರೆ. ಒಂಬತ್ತಕ್ಕೆ ಮಗಳು ಎಬ್ಬಿಸಿಬಿಟ್ಟಳು.

ಅಕ್ಕ: ಹಾಗಾದರೆ ಈ ಕಾಗದ ಮಡಚಿ ಜೇಬಿಗೆ ಹಾಕು. ಟೆಸ್ಟೋಸ್ಟಿರಾನ್ ದಿನವಿಡೀ ಒಂದೇ ಮಟ್ಟದಲ್ಲಿ ಇರೋದಿಲ್ಲ ಕಣೋ. ನಿದ್ದೆಯಲ್ಲಿ ಏರುತ್ತಾ ಹೋಗಿ ಬೆಳಿಗ್ಗೆ ಏಳೋ ಹೊತ್ತಿಗೆ ತುದಿ ಮುಟ್ಟುತ್ತೆ, ಆಮೇಲೆ ಇಳೀತಾ ಬರುತ್ತೆ. ಮೂವತ್ತು ನಲವತ್ತರ ಗಂಡಸರಲ್ಲಿ ಬೆಳಿಗ್ಗೆ ಎಂಟಕ್ಕೆ ಇದ್ದದ್ದು ಸಂಜೆ ನಾಲ್ಕಕ್ಕೆ ಶೇಕಡ 20ರಿಂದ 25ರಷ್ಟು ಕಡಿಮೆ ಇರುತ್ತೆ. ಊಟ ಮಾಡಿದರೆ ಇನ್ನಷ್ಟು ಇಳಿಯುತ್ತೆ. ನಿದ್ದೆಗೆಟ್ಟರೆ ಇನ್ನೂ ಸ್ವಲ್ಪ. ನೀನು ಮೂರನ್ನೂ ಒಟ್ಟಿಗೆ ಮಾಡಿದ್ದೀಯ. ಅದಕ್ಕೇ ನಾವು ಬೆಳಿಗ್ಗೆ ಏಳರಿಂದ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನೋದು. ಅದೂ ಒಂದು ಸಲ ಸಾಲದು, ಇನ್ನೊಂದು ದಿನ ಮತ್ತೆ ನೋಡಬೇಕು. ಎರಡು ಸಲವೂ ಕಡಿಮೆ ಬಂದರೆ ಮಾತ್ರ ಕಡಿಮೆ ಅನ್ನೋದು.

ತಮ್ಮ: ಕಡಿಮೆ ಅಂದರೆ ಎಷ್ಟಕ್ಕಿಂತ?

ಅಕ್ಕ: ಅದರಲ್ಲೇ ಒಮ್ಮತ ಇಲ್ಲ. ಅಮೆರಿಕದ ಯೂರಾಲಜಿ ತಜ್ಞರ ಸಂಘ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕೆಳಗೆ ಅನ್ನುತ್ತೆ. ಅದೇ ದೇಶದ ಹಾರ್ಮೋನ್ ತಜ್ಞರ ಎಂಡೋಕ್ರೈನ್ ಸೊಸೈಟಿ, ಬೊಜ್ಜಿಲ್ಲದ ಹರೆಯದ ಗಂಡಸರನ್ನ ಅಳೆದ ಲೆಕ್ಕ ಹಿಡಿದು, 264 ಅನ್ನುತ್ತೆ. ನಿನ್ನ 288 ಒಬ್ಬರಿಗೆ ಕಾಯಿಲೆ, ಇನ್ನೊಬ್ಬರಿಗೆ ಆರೋಗ್ಯ. ಎರಡೂ ಕಡೆಯವರು ಒಪ್ಪೋ ಮಾತು ಒಂದಿದೆ: ಬರೀ ನಂಬರ್ ನೋಡಿ ಔಷಧಿ ಕೊಡಬಾರದು, ಲಕ್ಷಣವೂ ಇರಬೇಕು. ನಿನಗೇನಾಗ್ತಿದೆ, ಅದನ್ನ ಹೇಳು ಮೊದಲು.

ತಮ್ಮ: ಸುಸ್ತು. ಜಿಮ್‌ಗೆ ಹೋದರೂ ಮೈ ಕಟ್ಟುತ್ತಿಲ್ಲ, ಹೊಟ್ಟೆ ಇಳೀತಿಲ್ಲ. ಆಮೇಲೆ... ಆಸಕ್ತಿ ಕಡಿಮೆ.

ಅಕ್ಕ: ಬೆಳಗಿನ ಜಾವ ಆಗೋ ನಿಮಿರುವಿಕೆ? ಮುಖ ಕೆಳಗೆ ಮಾಡಬೇಡ, ಇದನ್ನೇ ನಾನು ದಿನಾ ಜನಗಳ ಹತ್ತಿರ ಕೇಳ್ತೀನಿ.

ತಮ್ಮ: ಅದು ಇದೆ. ರಜದಲ್ಲಿ ಚೆನ್ನಾಗಿ ನಿದ್ದೆ ಮಾಡಿದ ದಿನ ಇನ್ನೂ ಚೆನ್ನಾಗಿದೆ.

ಅಕ್ಕ: ಅರ್ಧ ಉತ್ತರ ನೀನೇ ಹೇಳಿಬಿಟ್ಟೆ. 2011ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದವರು ಆರೋಗ್ಯವಂತ ಹುಡುಗರು ಹತ್ತು ಜನರನ್ನ ಲ್ಯಾಬಿನಲ್ಲೇ ಮಲಗಿಸಿ, ಒಂದು ವಾರ ರಾತ್ರಿ ಐದೇ ಗಂಟೆ ನಿದ್ದೆ ಕೊಟ್ಟರು. ಹಗಲಿನ ಟೆಸ್ಟೋಸ್ಟಿರಾನ್ ಶೇಕಡ 10ರಿಂದ 15 ಇಳೀತು. ಇಪ್ಪತ್ತರ ಹುಡುಗರಿಗೆ ಒಂದೇ ವಾರದಲ್ಲಿ. ನಿನ್ನದು ವರ್ಷಗಳ ಕಥೆ.

ತಮ್ಮ: ಸರಿ, ಅದಕ್ಕೇ ಕೇಳ್ತಿರೋದು. ನಿದ್ದೆ ನನ್ನ ಕೈಲಿಲ್ಲ, ಮಾತ್ರೆ ಕೈಲಿದೆ. ಈ ಅಶ್ವಗಂಧದ ಮೇಲೆ ಪ್ರಯೋಗ ಆಗಿದೆ ಅಕ್ಕ. ಸುಮ್ಮನೆ ಜಾಹೀರಾತು ನೋಡಿ ಕೊಂಡಿಲ್ಲ, ಓದಿದ್ದೀನಿ. ನಿಮ್ಮಂಥ ಇಂಗ್ಲಿಷ್ ಡಾಕ್ಟರುಗಳಿಗೆ ಗಿಡದ ಔಷಧಿ ಅಂದರೆ ಅಸಡ್ಡೆ.

ಅಕ್ಕ: ಅಸಡ್ಡೆ ಇದ್ದಿದ್ದರೆ ನಾನೂ ಓದ್ತಿರಲಿಲ್ಲ. ನೀನು ಓದಿದ್ದು ಯಾವುದು?

ತಮ್ಮ: 2015ರದ್ದು. ನಮ್ಮ ದೇಶದ್ದೇ. 57 ಜನ, 18ರಿಂದ 50 ವಯಸ್ಸು. ಎಂಟು ವಾರ ಭಾರ ಎತ್ತೋ ವ್ಯಾಯಾಮ ಮಾಡಿಸಿದ್ದಾರೆ. ಅರ್ಧ ಜನಕ್ಕೆ ಬೇರಿನ ಸಾರ 300 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಅರ್ಧ ಜನಕ್ಕೆ ಪಿಷ್ಟದ ಪೊಳ್ಳು ಮಾತ್ರೆ. ಸಾರ ತಗೊಂಡವರಿಗೆ ಟೆಸ್ಟೋಸ್ಟಿರಾನ್ 96 ಏರಿದೆ, ಪೊಳ್ಳು ಮಾತ್ರೆಯವರಿಗೆ 18. ಸ್ನಾಯುವಿನ ಬಲವೂ ಅವರಿಗೇ ಜಾಸ್ತಿ.

ಅಕ್ಕ: ಸರಿಯಾಗೇ ಓದಿದ್ದೀಯ. ಅದು ಇದುವರೆಗಿನ ಒಳ್ಳೇ ಫಲಿತಾಂಶಗಳಲ್ಲಿ ಒಂದು. ಈಗ ನಾನು ಓದಿದ್ದು ಕೇಳು, ಯಾಕಂದರೆ ಅದು ನಿನ್ನಂಥವರ ಮೇಲೇ ಮಾಡಿದ್ದು. 2019ರಲ್ಲಿ ಆಸ್ಟ್ರೇಲಿಯಾದಲ್ಲಿ. 40ರಿಂದ 70 ವಯಸ್ಸಿನ, ತೂಕ ಜಾಸ್ತಿ ಇರೋ, ‘ಸ್ವಲ್ಪ ಸುಸ್ತು’ ಅನ್ನೋ ಗಂಡಸರು. ಎಂಟು ವಾರ ಅಶ್ವಗಂಧ, ಎಂಟು ವಾರ ಪೊಳ್ಳು ಮಾತ್ರೆ, ಅದಲು ಬದಲು ಮಾಡಿ ಕೊಟ್ಟರು. ಯಾವಾಗ ಯಾವುದು ಅನ್ನೋದು ನುಂಗೋವನಿಗೂ ಗೊತ್ತಿಲ್ಲ, ಕೊಡೋವನಿಗೂ ಗೊತ್ತಿಲ್ಲ. 57 ಜನ ಸೇರಿ ಕೊನೆತನಕ ಉಳಿದವರು 43. ಅಶ್ವಗಂಧ ತಗೊಂಡಾಗ ಟೆಸ್ಟೋಸ್ಟಿರಾನ್ ಪೊಳ್ಳು ಮಾತ್ರೆಗಿಂತ ಶೇಕಡ 14.7 ಹೆಚ್ಚು ಏರಿತ್ತು.

ತಮ್ಮ: ನೋಡು ಮತ್ತೆ!

ಅಕ್ಕ: ಪೂರ್ತಿ ಕೇಳು. ಸುಸ್ತು ಕಡಿಮೆಯಾಯ್ತಾ, ಹುರುಪು ಬಂತಾ, ಲೈಂಗಿಕ ನೆಮ್ಮದಿ ಹೇಗಿದೆ ಅಂತಲೂ ಕೇಳಿದ್ದರು. ಎಲ್ಲರಿಗೂ ಸುಧಾರಿಸಿತ್ತು. ಅಶ್ವಗಂಧ ತಗೊಂಡವರಿಗೂ ಸುಧಾರಿಸಿತ್ತು, ಪೊಳ್ಳು ಮಾತ್ರೆ ತಗೊಂಡವರಿಗೂ ಸುಧಾರಿಸಿತ್ತು. ಎರಡರ ನಡುವೆ ಲೆಕ್ಕಕ್ಕೆ ಸಿಗೋಂಥ ವ್ಯತ್ಯಾಸ ಇರಲಿಲ್ಲ. ನಂಬರ್ ಏರಿತು, ಮನುಷ್ಯನಿಗೆ ಅದು ತಿಳಿಯಲಿಲ್ಲ. ನೀನು ಮಾತ್ರೆ ನುಂಗ್ತಿರೋದು ನಂಬರಿಗೋ, ಸುಸ್ತಿಗೋ?

ತಮ್ಮ: ...ಸುಸ್ತಿಗೆ ಅನ್ನು.

ಅಕ್ಕ: ಹೂಂ. ಇದೇನು ಹೊಸ ಕಥೆಯಲ್ಲ. 1889ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರೌನ್-ಸೆಕ್ವಾರ್ ಅನ್ನೋ ದೊಡ್ಡ ಶರೀರಶಾಸ್ತ್ರಜ್ಞ, ಆಗಲೇ ಎಪ್ಪತ್ತೆರಡು ವಯಸ್ಸು, ನಾಯಿ ಮತ್ತೆ ಗಿನಿಯಿಲಿಯ ವೃಷಣ ಜಜ್ಜಿ ನೀರಲ್ಲಿ ಸೋಸಿ ತನಗೆ ತಾನೇ ಚುಚ್ಚಿಕೊಂಡ. ಹರೆಯ ಮರಳಿ ಬಂತು, ಮೆಟ್ಟಿಲು ಓಡಿ ಹತ್ತುತ್ತೀನಿ ಅಂತ ವಿದ್ವಾಂಸರ ಸಭೆಯಲ್ಲೇ ಸಾರಿದ. ಯೂರೋಪಿಗೆ ಯೂರೋಪೇ ಆ ರಸಕ್ಕೆ ಮುಗಿಬಿತ್ತು. ತಮಾಷೆ ಏನಂದರೆ ಟೆಸ್ಟೋಸ್ಟಿರಾನ್ ನೀರಲ್ಲಿ ಕರಗೋದೇ ಇಲ್ಲ ಅನ್ನಬೇಕು. ವೃಷಣ ಅದನ್ನ ಕೂಡಿಡೋದೂ ಇಲ್ಲ, ತಯಾರಾದ ಹಾಗೇ ರಕ್ತಕ್ಕೆ ಬಿಡುತ್ತೆ. ಆ ಸೂಜಿಯಲ್ಲಿ ಹಾರ್ಮೋನ್ ಇದ್ದದ್ದು ಇಲ್ಲವೆನ್ನುವಷ್ಟು. ಮುದುಕ ಸುಳ್ಳು ಹೇಳಲಿಲ್ಲ, ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತು. ಟೆಸ್ಟೋಸ್ಟಿರಾನ್ ಅನ್ನೋದನ್ನ ಬೇರ್ಪಡಿಸಿದ್ದು 1935ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಅಷ್ಟು ಹೊತ್ತಿಗೆ ಅವನು ಸತ್ತು ನಲವತ್ತು ವರ್ಷ ದಾಟಿತ್ತು.

ತಮ್ಮ: ನನಗೂ ಹಾಗೇ ಅನ್ನಿಸಿದರೆ ನಷ್ಟವೇನು? ಅಪ್ಪನೂ ಕಡೆಗಾಲದಲ್ಲಿ ಹಾಲಿಗೆ ಅಶ್ವಗಂಧ ಹಾಕಿಕೊಂಡು ಕುಡೀತಿದ್ದರಲ್ಲ.

ಅಕ್ಕ: ಅಪ್ಪ ಕುಡೀತಿದ್ದದ್ದು ನಿದ್ದೆಗೆ. ದೇವರಾಜ ಮಾರುಕಟ್ಟೆ ಹತ್ತಿರದ ಗ್ರಂಧಿಗೆ ಅಂಗಡಿಯಿಂದ ಅಮ್ಮ ಇಡೀ ಬೇರೇ ತರ್ತಿದ್ದರು, ಪುಡಿ ತರ್ತಿರಲಿಲ್ಲ. ಪುಡಿಯಲ್ಲಿ ಏನು ಸೇರಿಸಿದ್ದಾರೋ ಯಾರಿಗೆ ಗೊತ್ತು ಅನ್ನೋರು. ಅಂಗಡಿಯವರ ಮುಂದೆಯೇ ಒಂದೊಂದು ಬೇರನ್ನ ಮುರಿದು ನೋಡೋರು. ಪಟಕ್ಕನೆ ಮುರೀಬೇಕು, ಒಳಗೆ ಹಿಟ್ಟಿನ ಹಾಗೆ ಬೆಳ್ಳಗಿರಬೇಕು. ಬಗ್ಗಿದರೆ, ನಾರು ಬಂದರೆ, ಬೇಡ. ನೀಮಚ್ ಮಂಡಿಯಲ್ಲಿ ವ್ಯಾಪಾರಿಗಳು ದರ ಕಟ್ಟೋದೂ ಇದನ್ನೇ ನೋಡಿ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆಯೇ ಇದರ ದೊಡ್ಡ ಬೆಳೆ. ನಮ್ಮ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರೂ ‘ಅರ್ಕ ಅಶ್ವಗಂಧ’ ಅಂತ ತಳಿ ಬಿಟ್ಟಿದ್ದಾರೆ. ನಮ್ಮ ಬಯಲುಸೀಮೆಯ ಬದುಗಳಲ್ಲಿ ತಾನೇ ಹುಟ್ಟೋ ಹಿರೇಮದ್ದಿನ ಗಿಡ ಅನ್ನೋದೂ ಇದೇ. ಕೆಂಪು ಹಣ್ಣಿಗೆ ಕಾಗದದಂಥ ಬುರುಡೆ ಇರುತ್ತಲ್ಲ, ಚಿಕ್ಕಂದಿನಲ್ಲಿ ನೀನು ಪಟ್ ಅನ್ನಿಸ್ತಿದ್ದೆ.

ತಮ್ಮ: ಅದಾ ಇದು! ಹಾಗಾದರೆ ನಾವು ತಲೆತಲಾಂತರದಿಂದ ತಿಂದುಕೊಂಡು ಬಂದದ್ದೇ. ಅದರಿಂದ ಅಪಾಯ ಏನು ಬಂದೀತು?

ಅಕ್ಕ: ತಿಂದುಕೊಂಡು ಬಂದದ್ದು ಏನನ್ನ, ಹೇಗೆ ಅಂತ ಕೇಳಬೇಕು. ಬೇರಿನ ಚೂರ್ಣ ಮೂರರಿಂದ ಆರು ಗ್ರಾಂ, ಹಾಲು ತುಪ್ಪದ ಜೊತೆ, ವೈದ್ಯರು ನಾಡಿ ನೋಡಿ, ಜೀರ್ಣಶಕ್ತಿ ನೋಡಿ ಕೊಡ್ತಿದ್ದರು. ನಿನ್ನ ಡಬ್ಬಿಯಲ್ಲಿರೋದು ಚೂರ್ಣ ಅಲ್ಲ, ಸಾರ. ಬೇರಿನಲ್ಲಿರೋ ವಿಥನೊಲೈಡ್ ಅನ್ನೋ ರಾಸಾಯನಿಕಗಳನ್ನ ಹಿಂಡಿ ಮಂದ ಮಾಡಿದ್ದು. ಎಲ್ಲಿ, ಕೊಡು ಆ ಡಬ್ಬಿ. ಕನ್ನಡಕ ಎಲ್ಲಿಟ್ಟೆ... ಹಾಂ. ‘ಅಶ್ವಗಂಧ, ಗೋಕ್ಷುರ, ಸಫೇದ್ ಮುಸ್ಲಿ, ಶಿಲಾಜಿತ್, ಕೌಂಚ್ ಬೀಜ, ಮೆಂತ್ಯದ ಸಾರ. ಒಟ್ಟು ಮಿಶ್ರಣ 800 ಮಿಲಿಗ್ರಾಂ.’ ಯಾವುದು ಎಷ್ಟು ಅಂತ ಬರೆದೇ ಇಲ್ಲ. ನೀನು ಓದಿದ ಪ್ರಯೋಗದಲ್ಲಿ ದಿನಕ್ಕೆ 600 ಮಿಲಿಗ್ರಾಂ ಅಶ್ವಗಂಧದ ಸಾರ ಇತ್ತು. ಇದರಲ್ಲಿ 600 ಇದೆಯೋ, 60 ಇದೆಯೋ? ಬೇರಿನದ್ದೋ, ಎಲೆಯದ್ದೋ? ಬೇರು ದುಬಾರಿ, ಎಲೆ ಪುಕ್ಕಟೆ, ಆದ್ದರಿಂದ ಎಲೆ ಸೇರಿಸೋರು ಇದ್ದಾರೆ. ಎಲೆ ಬಳಸಬೇಡಿ ಅಂತ ಆಯುಷ್ ಸಚಿವಾಲಯ 2021ರಲ್ಲೇ ತಯಾರಕರಿಗೆ ಸೂಚನೆ ಕಳಿಸಿತ್ತು.

ತಮ್ಮ: ಮಿಕ್ಕವು? ಗೋಕ್ಷುರ ಅಂದರೆ ನಮ್ಮ ನೆಗ್ಗಿಲು ಮುಳ್ಳು ತಾನೆ?

ಅಕ್ಕ: ಅದೇ, ಸೈಕಲ್ ಟಯರ್ ಪಂಕ್ಚರ್ ಮಾಡ್ತಿದ್ದ ಮುಳ್ಳು. ಅದನ್ನ ಗಂಡಸರ ಮಾತ್ರೆ ಅಂತ ಪ್ರಪಂಚಕ್ಕೆ ಮಾರಿದ್ದು ಬಲ್ಗೇರಿಯಾದವರು, ಅವರ ಭಾರ ಎತ್ತೋ ಪಟುಗಳ ಹೆಸರಲ್ಲಿ. 2005ರಲ್ಲಿ ಅದೇ ಬಲ್ಗೇರಿಯಾದವರು 21 ಹುಡುಗರ ಮೇಲೆ ಪರೀಕ್ಷೆ ಮಾಡಿದರು. ಟೆಸ್ಟೋಸ್ಟಿರಾನ್ ಅಲ್ಲಾಡಲಿಲ್ಲ. ಕೌಂಚ್ ಅಂದರೆ ನಸುಗುನ್ನಿ, ಅದರ ಬೀಜದಲ್ಲಿ ಪಾರ್ಕಿನ್ಸನ್ಸ್ ರೋಗಿಗಳಿಗೆ ಕೊಡೋ ಎಲ್-ಡೋಪ ಇರುತ್ತೆ, ಆಟದ ಸಾಮಾನಲ್ಲ. ಮೆಂತ್ಯ ಅಡುಗೆಮನೆಯಲ್ಲೇ ಇದೆ. 2020ರಲ್ಲಿ ಅಮೆರಿಕದಲ್ಲಿ ಮಾರೋ ಇಂಥ 50 ಡಬ್ಬಿಗಳನ್ನ ಮುಂದಿಟ್ಟುಕೊಂಡು ಒಂದೊಂದರ ಮಾತಿಗೂ ಆಧಾರ ಹುಡುಕಿದರು. ಶೇಕಡ 90 ಡಬ್ಬಿಗಳು ಟೆಸ್ಟೋಸ್ಟಿರಾನ್ ಏರಿಸ್ತೀವಿ ಅಂತಿದ್ದವು. ಅದರೊಳಗಿನ ವಸ್ತುಗಳಲ್ಲಿ ಏರಿಸುತ್ತೆ ಅನ್ನೋಕೆ ಪುರಾವೆ ಇದ್ದದ್ದು ಕಾಲು ಭಾಗಕ್ಕಿಂತ ಕಡಿಮೆ. ಹತ್ತರಲ್ಲೊಂದು ಇಳಿಸುತ್ತೆ ಅನ್ನೋಕೇ ಪುರಾವೆ ಸಿಕ್ಕಿತು!

ತಮ್ಮ: ಅಪಾಯದ ಮಾತು ಅರ್ಧಕ್ಕೇ ಬಿಟ್ಟೆ.

ಅಕ್ಕ: ಪಿತ್ತಜನಕಾಂಗ. ಅಶ್ವಗಂಧದ ಮಾತ್ರೆ ಶುರು ಮಾಡಿದ ಎರಡರಿಂದ ಹನ್ನೆರಡು ವಾರದೊಳಗೆ ಕೆಲವರಿಗೆ ಕಾಮಾಲೆ ಬರುತ್ತೆ. ಮೈ ತುರಿಕೆ, ಕಣ್ಣು ಹಳದಿ, ಮೂತ್ರ ಗಾಢ ಬಣ್ಣ. ಅಪರೂಪ. ನಿಲ್ಲಿಸಿದರೆ ಬಹಳ ಜನ ಸುಧಾರಿಸ್ತಾರೆ. ಆದರೆ ಮೊದಲೇ ಲಿವರ್ ಕೆಟ್ಟವರಿಗೆ ಇದು ಜೀವಕ್ಕೇ ಬಂದಿದೆ. ನಮ್ಮ ದೇಶದ ಲಿವರ್ ತಜ್ಞರೇ 2023ರಲ್ಲಿ ಅಂಥ ರೋಗಿಗಳ ವಿವರ ಒಟ್ಟು ಮಾಡಿ ಪ್ರಕಟಿಸಿದ್ದಾರೆ. ಅದೇ ವರ್ಷ ಡೆನ್ಮಾರ್ಕ್ ತನ್ನಲ್ಲಿ ಅಶ್ವಗಂಧದ ಮಾರಾಟವನ್ನೇ ನಿಷೇಧಿಸಿತು. ಅದು ಸ್ವಲ್ಪ ಅತಿಯಾಯ್ತು ಅಂತ ನನಗೂ ಅನ್ನಿಸುತ್ತೆ. ಆದರೆ ನಿನ್ನ ಚೆಕಪ್ಪಿನಲ್ಲಿ ಲಿವರ್ ಎನ್‌ಜೈಮ್ ಎಷ್ಟು ಬಂದಿದೆ? ತೆಗಿ ಆ ಕಾಗದ ಮತ್ತೆ. ನೋಡು, ಎಎಲ್‌ಟಿ 61. ಇದು ನಿನ್ನ ಹೊಟ್ಟೆಯ ಕೊಬ್ಬು ಲಿವರಿನಲ್ಲೂ ಕೂತಿರೋ ಗುರುತು ಇರಬಹುದು. ಇದಕ್ಕೆ ಯಾರೂ ನಿನಗೆ ಡಬ್ಬಿ ಕಳಿಸಲಿಲ್ಲ!

ತಮ್ಮ: ಅದೂ ಕೆಂಪಕ್ಷರದಲ್ಲೇ ಇತ್ತು. ನಾನು ಗಮನಿಸಲೇ ಇಲ್ಲ.

ಅಕ್ಕ: ಥೈರಾಯ್ಡ್ ಹಾರ್ಮೋನನ್ನೂ ಕೆಲವರಲ್ಲಿ ಅಶ್ವಗಂಧ ಏರಿಸುತ್ತೆ. ಥೈರಾಯ್ಡ್ ಮಾತ್ರೆ ನುಂಗೋರು, ಸಕ್ಕರೆ ಕಾಯಿಲೆ ಬಿಪಿ ಮಾತ್ರೆ ನುಂಗೋರು, ಪ್ರಾಸ್ಟೇಟ್ ಕ್ಯಾನ್ಸರ್ ಇರೋರು ಕೇಳದೆ ಮುಟ್ಟಬಾರದು. ಇನ್ನೊಂದು ಹೇಳಿಬಿಡ್ತೀನಿ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ‘ನರದೌರ್ಬಲ್ಯ’ ಅಂತ ಬರೆಸ್ತಾರಲ್ಲ, ಅಂಥ ಜಾಹೀರಾತನ್ನ 1954ರ ಕಾನೂನೇ ನಿಷೇಧಿಸಿದೆ. ಆದರೂ ಗೋಡೆಯಿಂದ ಫೋನಿಗೆ ಬಂದಿದೆ ಅಷ್ಟೆ. ಅಂಥ ಔಷಧಿಗಳಲ್ಲಿ ತಗೊಂಡ ರಾತ್ರಿಯೇ ಕೆಲಸ ಮಾಡೋದು ಸಿಕ್ಕರೆ ಗಿಡದ ಮಹಿಮೆ ಅಂದುಕೋಬೇಡ. ಒಳಗೆ ನಿಮಿರುವಿಕೆಗೆ ಕೊಡೋ ಇಂಗ್ಲಿಷ್ ಔಷಧಿ ಸಿಲ್ಡೆನಫಿಲ್ ಬೆರೆಸಿರ್ತಾರೆ, ಹೆಸರು ಹಾಕಿರೋದಿಲ್ಲ. ಅಮೆರಿಕದ ಎಫ್‌ಡಿಎ ಎಷ್ಟೋ ಸಲ ಇಂಥ ಮಾಲು ಹಿಡಿದಿದೆ. ಎದೆನೋವಿಗೆ ನಾಲಿಗೆ ಕೆಳಗೆ ನೈಟ್ರೇಟ್ ಇಟ್ಟುಕೊಳ್ಳೋ ವಯಸ್ಸಾದವರು ಅದನ್ನ ನುಂಗಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತೆ.

ತಮ್ಮ: ಜಿಮ್ಮಿನ ಟ್ರೇನರ್ ಹೇಳ್ತಿದ್ದ, ಗಿಡಮೂಲಿಕೆ ನಿಧಾನ ಸಾರ್, ಬೇಗ ಆಗಬೇಕಂದರೆ ಇಂಜೆಕ್ಷನ್ನೇ ಹಾಕಿಸಿ ಅಂತ.

ಅಕ್ಕ: ಆ ಮಾತಿಗೆ ಹೋಲಿಸಿದರೆ ನಿನ್ನ ಡಬ್ಬಿಯೇ ವಾಸಿ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಅನ್ನೋ ಹಾರ್ಮೋನ್ ಕಳಿಸಿದರೆ ವೃಷಣ ಟೆಸ್ಟೋಸ್ಟಿರಾನ್ ತಯಾರಿಸುತ್ತೆ. ಹೊರಗಿಂದ ಚುಚ್ಚಿದ ಕೂಡಲೇ ಪಿಟ್ಯುಟರಿ ‘ಬೇಕಾದಷ್ಟಿದೆ’ ಅಂತ ಆದೇಶ ನಿಲ್ಲಿಸಿಬಿಡುತ್ತೆ. ಒಳಗಿನ ಉತ್ಪಾದನೆ ನಿಲ್ಲುತ್ತೆ, ವೀರ್ಯಾಣುವೂ ಇಳಿದು ಸೊನ್ನೆ ಮುಟ್ಟಬಹುದು. ಮಕ್ಕಳಾಗಲಿಲ್ಲ ಅಂತ ಬಂದ ಹುಡುಗರ ರಿಪೋರ್ಟಿನಲ್ಲಿ ನಾನು ಇದನ್ನ ನೋಡಿದ್ದೀನಿ. ಟೆಸ್ಟೋಸ್ಟಿರಾನ್ ಮೇಲಕ್ಕೆ, ಎಲ್‌ಎಚ್ ಸೊನ್ನೆ. ಕೇಳಿದರೆ, ಹೌದು ಮೇಡಂ, ಜಿಮ್ಮಿನಲ್ಲಿ ಹಾಕಿಸಿಕೊಂಡಿದ್ದೆ. ನಿಲ್ಲಿಸಿದ ಮೇಲೆ ಮರಳಿ ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ನಿಜವಾಗಿ ಕೊರತೆ ಇರೋವನಿಗೆ ಡಾಕ್ಟರು ಅಳೆದು ಕೊಡೋ ಇಂಜೆಕ್ಷನ್ ಬೇರೆ, ಇದು ಬೇರೆ.

ತಮ್ಮ: ನಿಜವಾಗಿ ಕೊರತೆ ಅಂದರೆ, ನನಗೆ ಚಿಕ್ಕಂದಿನಲ್ಲಿ ಬಂದ ಮಂಗನಬಾವಿನಿಂದಲೂ ಆಗಿರಬಹುದಾ?

ಅಕ್ಕ: ನೀನಾಗ ಎರಡನೇ ಕ್ಲಾಸು. ಹರೆಯ ಬಂದ ಮೇಲೆ ಬಂದು ಬೀಜ ಊದಿಕೊಂಡರೆ ಆ ಭಯ. ನಿನ್ನ ಮಟ್ಟಿಗೆ ನನಗೆ ಅನುಮಾನ ಇರೋದು ಸೊಂಟದ ಸುತ್ತಳತೆ ಮೇಲೆ, ಗೊರಕೆ ಮೇಲೆ. ಗೊರಕೆ ಹೊಡೀತೀಯಂತೆ, ನಿನ್ನ ಹೆಂಡತಿಯೇ ಹೇಳಿದಳು, ಮಧ್ಯೆ ಉಸಿರು ನಿಂತ ಹಾಗಾಗುತ್ತೆ ಅಂತ. ಅದನ್ನ ಪರೀಕ್ಷೆ ಮಾಡಿಸಬೇಕು. ಆಮೇಲೆ ಸಕ್ಕರೆ. ಟೈಪ್ 2 ಡಯಾಬಿಟಿಸ್ ಇರೋ ಗಂಡಸರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಟೆಸ್ಟೋಸ್ಟಿರಾನ್ ಕಡಿಮೆ ಅಂತ 2004ರಿಂದಲೇ ಗೊತ್ತಿದೆ. ಬೊಜ್ಜು ಇದ್ದರೆ ಹಾರ್ಮೋನನ್ನ ರಕ್ತದಲ್ಲಿ ಹೊತ್ತುಕೊಂಡು ಹೋಗೋ ಪ್ರೋಟೀನು ಇಳಿಯುತ್ತೆ. ಆಗ ಟೋಟಲ್ ಕಡಿಮೆ ಕಾಣುತ್ತೆ, ಬಿಡಿಯಾಗಿ ಓಡಾಡೋದು ಸರಿಯಾಗೇ ಇರಬಹುದು. ಅದನ್ನೂ ನೋಡ್ತೀನಿ. ತೂಕ ಇಳಿಸಿದರೆ ಎಷ್ಟೋ ಜನಕ್ಕೆ ತಾನಾಗೇ ಏರುತ್ತೆ.

ತಮ್ಮ: ಅಂದರೆ ಅಶ್ವಗಂಧ ಬೇಡವೇ ಬೇಡ?

ಅಕ್ಕ: ಹಾಗೆ ಅಂದೆನಾ? ಲಿವರ್ ಸರಿಯಿದ್ದು, ಥೈರಾಯ್ಡ್ ಸರಿಯಿದ್ದು, ಮನಸ್ಸಿಗೆ ಒತ್ತಡ, ನಿದ್ದೆ ಬರೋಲ್ಲ ಅನ್ನೋವನು ಒಳ್ಳೇ ಕಂಪನಿಯ ಬೇರಿನ ಸಾರ ಒಂದನ್ನೇ, ಅಳತೆ ಬರೆದಿರೋದನ್ನ, ಎರಡು ಮೂರು ತಿಂಗಳು ತಗೊಂಡರೆ ನಾನು ಜಗಳ ಆಡೋದಿಲ್ಲ. ಅದರಿಂದ ನಿದ್ದೆ ಸುಧಾರಿಸಿ, ನಿದ್ದೆಯಿಂದ ಹಾರ್ಮೋನ್ ಏರಿದರೂ ಏರಲಿ. ಚರಕ ಸಂಹಿತೆಯಲ್ಲಿ ಅದನ್ನ ಬಲ ಕೊಡೋ, ಮೈ ತುಂಬಿಸೋ ಮೂಲಿಕೆಗಳ ಸಾಲಿನಲ್ಲಿಟ್ಟಿದ್ದಾರೆ. ಬಡಕಲು ಮೈಗೆ ಅಂತ. ನೀನು ಬಡಕಲಾ? ಆರು ಸಾಮಾನು ಕಲಸಿದ ಈ ಡಬ್ಬಿ ಮಾತ್ರ, ನಿನ್ನ ಈ ಲಿವರಿಗೆ, ಈಗ ಬೇಡ. ಎಷ್ಟು ಕೊಟ್ಟೆ ಇದಕ್ಕೆ?

ತಮ್ಮ: ಮೂರು ತಿಂಗಳ ಕೋರ್ಸ್ ಒಟ್ಟಿಗೆ ತಗೊಂಡರೆ ಡಿಸ್ಕೌಂಟ್ ಇತ್ತು...

ಅಕ್ಕ: ಬಿಡು, ಹೇಳಬೇಡ. ನಾಳೆ ಬೆಳಿಗ್ಗೆ ಎಂಟಕ್ಕೆ ಏನೂ ತಿನ್ನದೆ ಲ್ಯಾಬಿಗೆ ಬಾ. ಟೆಸ್ಟೋಸ್ಟಿರಾನ್, ಎಲ್‌ಎಚ್, ಪ್ರೊಲ್ಯಾಕ್ಟಿನ್, ಥೈರಾಯ್ಡ್, ಸಕ್ಕರೆ, ಲಿವರ್, ಎಲ್ಲ ಒಂದೇ ಚುಚ್ಚಿಗೆ. ಬೇರೆ ಏನಾದರೂ ನುಂಗ್ತಿದ್ದೀಯಾ? ಕೂದಲಿಗೆ, ಚರ್ಮಕ್ಕೆ?

ತಮ್ಮ: ಕೂದಲು ಉದುರುತ್ತೆ ಅಂತ ಒಂದು ಬಯೋಟಿನ್ ಮಾತ್ರೆ. ಅದು ಬರೀ ವಿಟಮಿನ್ ತಾನೆ?

ಅಕ್ಕ: ಎಷ್ಟರದ್ದು?

ತಮ್ಮ: ಹತ್ತು ಮಿಲಿಗ್ರಾಂ.

ಅಕ್ಕ: ಹಾಗಾದರೆ ನಾಳೆ ಬೇಡ. ನಮ್ಮ ಮಶೀನು ಹಾರ್ಮೋನ್ ಅಳೆಯೋ ರಾಸಾಯನಿಕದಲ್ಲೇ ಬಯೋಟಿನ್ ಇದೆ. ನಿನ್ನ ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಟೆಸ್ಟೋಸ್ಟಿರಾನ್ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತೆ, ಥೈರಾಯ್ಡಿನದ್ದೂ ಏರುಪೇರು. ಮೂರು ದಿನ ಅದನ್ನ ನಿಲ್ಲಿಸಿ ಗುರುವಾರ ಬಾ.

ತಮ್ಮ: ಬುಧವಾರ ರಾತ್ರಿ ನನಗೆ ಕಾಲ್ ಇದೆ ಅಕ್ಕ, ಎರಡೂವರೆವರೆಗೆ.

ಅಕ್ಕ: ಶುಕ್ರವಾರ?

ತಮ್ಮ: ಗುರುವಾರ ರಾತ್ರಿ ರಿಲೀಸ್ ಇದೆ.

ಅಕ್ಕ: ಭಾನುವಾರ ಬೆಳಿಗ್ಗೆ ನಾನೇ ಲ್ಯಾಬಿನ ಬೀಗ ತೆಗೆಸ್ತೀನಿ. ಶನಿವಾರ ರಾತ್ರಿ ಹತ್ತಕ್ಕೆ ಫೋನ್ ನಿನ್ನ ಹೆಂಡತಿ ಕೈಗೆ ಕೊಟ್ಟು ಮಲಗು.